ಮಡಚುವ ಚಾಕು ಅಲ್ಲಾಡುತ್ತಿದೆಯಾ? ಲಾಕ್‌ಗೆ ಅರ ಹಾಕುವ ಮುಂಚೆ ಪಿವಟ್ ನೋಡಿ

ಮನೆಯಲ್ಲಿ ಮಾಡಿದ ಮಡಚುವ ಚಾಕುಗಳು ಹೆಚ್ಚುಕಡಿಮೆ ಒಂದೇ ರೀತಿ ಕೆಡುತ್ತವೆ. ತೆರೆದಾಗ ತುದಿ ಅಲ್ಲಾಡುತ್ತದೆ. ಇಲ್ಲಾ ತೆರೆದ ಅಲಗು ಮಡಚಿಕೊಳ್ಳದಂತೆ ಹಿಡಿದಿಡುವ ಲಾಕ್ ಜಾರುತ್ತದೆ. ಇಲ್ಲಾ ಮಡಚಿದಾಗ ಅಲಗು ಒಂದು ಬದಿಗೆ ಉಜ್ಜುತ್ತದೆ. ಆಗ ಎಲ್ಲರೂ ಮೊದಲು ಕೈ ಹಾಕುವುದು ಲಾಕ್‌ಗೆ, ಯಾಕಂದರೆ ಕಣ್ಣಿಗೆ ಕಾಣುವ ಜಾಗ ಅದೇ ಅಲ್ವಾ. ಅರ ತಗೊಂಡು ಲಾಕ್ ಪಟ್ಟಿಯ ತುದಿಯನ್ನು ಸ್ವಲ್ಪ ತಿಕ್ಕುತ್ತಾರೆ, ಅಲ್ಲಾಟ ಹೋಗುವುದಿಲ್ಲ, ಇನ್ನೂ ಸ್ವಲ್ಪ ತಿಕ್ಕುತ್ತಾರೆ, ಕೊನೆಗೆ ಪಟ್ಟಿ ಗಿಡ್ಡಾಗಿ, ಹಿಡಿಯ ಒಳಗಿನ ಸ್ಟೀಲ್ ತಗಡಿಗೆ, ಅಂದರೆ ಆಚೆ ಬದಿಯ ಲೈನರ್‌ಗೆ ಹೋಗಿ ಬಡಿಯುತ್ತದೆ. ಲೈನರ್ ಹಾಳಾಯಿತು, ದೋಷ ಮಾತ್ರ ಅಲ್ಲೇ ಉಳಿಯಿತು.

ಬಾಗಿಲ ಚಿಲಕ ಕೂಡದಿದ್ದರೆ ಒಳ್ಳೆಯ ಬಡಗಿ ಚಿಲಕ ಮುಟ್ಟುವುದಿಲ್ಲ, ಮೊದಲು ಹಿಂಜ್ ಜಗ್ಗಿದೆಯಾ ಅಂತ ನೋಡುತ್ತಾನೆ. ಚಾಕುವಿನಲ್ಲೂ ಅಷ್ಟೇ. ಅಲಗು ತಿರುಗುವ ಪಿನ್ ಮತ್ತು ಅದರ ತೂತು, ಅಂದರೆ ಪಿವಟ್, ಸರಿ ಇದೆ ಅಂತ ಖಾತ್ರಿ ಆಗುವ ತನಕ ಬೇರೆ ಯಾವುದನ್ನೂ ತಿಕ್ಕಬೇಡಿ. ನಾನು ಇಲ್ಲಿ ಹೇಳುವ ಎಲ್ಲಾ ಪರೀಕ್ಷೆಗಳೂ ಈ ಕ್ರಮದಲ್ಲೇ ಇವೆ.

ಯಾವ ಚಾಕುವಿನ ಮಾತು ಅಂತ ಮೊದಲೇ ಹೇಳಿಬಿಡುತ್ತೇನೆ. ಅಲಗು 4 ಮಿ.ಮೀ. ದಪ್ಪ, ಸುಮಾರು 90 ಮಿ.ಮೀ. ಉದ್ದ. ಎರಡು ಬದಿಗೆ 1.5 ಮಿ.ಮೀ. ಸ್ಟೀಲ್ ಲೈನರ್, ಅದರಲ್ಲಿ ಒಂದನ್ನು ಸೀಳಿ ಬಗ್ಗಿಸಿ ಮಾಡಿದ ಲಾಕ್ ಪಟ್ಟಿ. 6 ಮಿ.ಮೀ. ಪಿವಟ್, ಎರಡು ಫಾಸ್ಫರ್ ಬ್ರಾಂಜ್ ವಾಷರ್, ತೆರೆದ ಅಲಗನ್ನು ತಡೆದು ನಿಲ್ಲಿಸುವ ಒಂದು ಸ್ಟಾಪ್ ಪಿನ್. ಹೊಲದಲ್ಲಿ ಡ್ರಿಪ್ ಪೈಪ್ ಕತ್ತರಿಸಲು, ಹಗ್ಗ ಕೊಯ್ಯಲು, ತೊಗರಿ ಚೀಲ ಬಿಚ್ಚಲು ಬರುವ ಗಟ್ಟಿ ಚಾಕು. ಭಾರತದ ಆಯುಧ ನಿಯಮದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧದ ಸಾಲಿಗೆ ಸೇರಿಸಿದ್ದಾರೆ, ಮನೆಗೆಲಸ ಮತ್ತು ಒಕ್ಕಲುತನದ ಸಾಮಾನು ಬಿಟ್ಟು. ನಮ್ಮದು ಮೂರೂವರೆ ಇಂಚು, ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ಜೇಬಿನಲ್ಲಿಟ್ಟುಕೊಂಡು ಕೋರ್ಟು, ರೈಲ್ವೆ ಸ್ಟೇಷನ್ ಕಡೆ ಹೋಗಬೇಡಿ. ಇದು ಕೆಲಸದ ಸಾಮಾನು, ಕೆಲಸದ ಜಾಗದಲ್ಲೇ ಇರಲಿ.

ಪರೀಕ್ಷೆಗೆ ಬೇಕಾದದ್ದು ಜಾಸ್ತಿ ಏನಿಲ್ಲ. ಒಂದು ವೈಸ್ (ಮೇಜಿಗೆ ಕೂರಿಸುವ ಇಕ್ಕಳ), ವರ್ನಿಯರ್ (ಸಣ್ಣ ಅಳತೆ ತೆಗೆಯುವ ಸಾಧನ), ಟ್ರೈ ಸ್ಕ್ವೇರ್ (ಮೂಲೆಮಟ್ಟ), ಪರ್ಮನೆಂಟ್ ಮಾರ್ಕರ್, ದಪ್ಪ ಗಾಜಿನ ತುಂಡು, 400 ಮತ್ತು 1000 ನಂಬರ್ ಎಮರಿ ಪೇಪರ್, ಒಂದು 6 ಮಿ.ಮೀ. ಡೋವೆಲ್ ಪಿನ್ (ನಿಖರ ಅಳತೆಯ ಗಟ್ಟಿ ಸ್ಟೀಲ್ ಸರಳು). ನಮ್ಮ ಕಲಬುರಗಿ ಬೀದರ್ ಕಡೆ ಶಹಾಬಾದ್ ಕಲ್ಲು ಮನೆಮನೆಗೂ ಇದೆ, ಪಾಲಿಶ್ ಮಾಡಿದ ತುಂಡಿನ ಮೇಲೆ ಪೇಪರ್ ಹಾಸಿ ತಿಕ್ಕುವವರೂ ಇದ್ದಾರೆ. ಲೈನರ್‌ನ ಹೊರಮೈಗೆ ಅದು ನಡೆಯುತ್ತದೆ. ವಾಷರ್‌ಗೆ, ಅಲಗಿನ ಬುಡಕ್ಕೆ ನಡೆಯುವುದಿಲ್ಲ. ಪಾಲಿಶ್ ಕಲ್ಲು ಕೈಗೆ ನುಣುಪಾಗಿದ್ದರೂ ನಡುವೆ ಸ್ವಲ್ಪ ತಗ್ಗಿರುತ್ತದೆ. 8 ಅಥವಾ 10 ಮಿ.ಮೀ. ಗಾಜೇ ಬೇಕು, ಗಾಜಿನ ಅಂಗಡಿಯಲ್ಲಿ ಉಳಿಕೆ ತುಂಡು ಕೇಳಿದರೆ ಕೊಡುತ್ತಾರೆ.

ಮೊದಲು ಅಲ್ಲಾಟದ ದಿಕ್ಕು ಹಿಡಿಯಿರಿ

ಚಾಕು ತೆರೆಯಿರಿ. ಹಿಡಿಯ ಹಿಂಭಾಗವನ್ನು ಮಾತ್ರ ವೈಸ್‌ಗೆ ಕೊಡಿ. ಲಾಕ್ ಪಟ್ಟಿ ಇರುವ ಜಾಗವನ್ನು ವೈಸ್ ಒತ್ತಬಾರದು, ಒತ್ತಿದರೆ ಕೆಟ್ಟ ಲಾಕ್ ಕೂಡ ಗಟ್ಟಿಯಾಗಿ ಕಾಣುತ್ತದೆ. ಅಲಗಿನ ಬಾಯಿಗೆ ಟೇಪ್ ಸುತ್ತಿ. ಈಗ ತುದಿ ಹಿಡಿದು ಎಡಕ್ಕೆ ಬಲಕ್ಕೆ ಆಡಿಸಿ. ಆಮೇಲೆ ಮೇಲೆ ಕೆಳಗೆ ಆಡಿಸಿ. ಇವೆರಡೂ ಬೇರೆ ಬೇರೆ ಕಾಯಿಲೆ, ಔಷಧಿಯೂ ಬೇರೆ.

ಎಡ ಬಲ ಆಡಿದರೆ ಪಿವಟ್ ಸ್ಕ್ರೂ ಸ್ವಲ್ಪೇ ಬಿಗಿ ಮಾಡಿ, ಒಂದು ಸುತ್ತಿನ ಎಂಟನೇ ಒಂದು ಪಾಲು ಸಾಕು. ಅಲ್ಲಾಟ ಹೋಗಿ ಅಲಗು ಸಲೀಸಾಗಿ ತಿರುಗಿದರೆ ಅಲ್ಲಿಗೆ ಮುಗಿಯಿತು, ಸ್ಕ್ರೂ ಸಡಿಲ ಇತ್ತು ಅಷ್ಟೇ. ಅಲಗು ತಿರುಗಲಾರದಷ್ಟು ಬಿಗಿಯಾದರೂ ಅಲ್ಲಾಟ ಉಳಿದಿದ್ದರೆ ಎರಡು ಕಡೆ ನೋಡಬೇಕು: ತೂತು ದೊಡ್ಡದಾಗಿದೆ, ಇಲ್ಲಾ ವಾಷರ್ ಸಪಾಟಾಗಿಲ್ಲ.

ವಾಷರ್‌ನದು ಸುಲಭ. ಗಾಜಿನ ಮೇಲೆ 1000 ನಂಬರ್ ಪೇಪರ್ ಇಟ್ಟು, ಎರಡು ಹನಿ ಎಣ್ಣೆ ಹಾಕಿ, ವಾಷರನ್ನು ಬೆರಳಿನಿಂದ ಒತ್ತಿ ಎಂಟು ಬರೆದಂತೆ ತಿಕ್ಕಿ. ಎತ್ತಿ ನೋಡಿ. ಮೈಯೆಲ್ಲಾ ಒಂದೇ ಬಣ್ಣಕ್ಕೆ ತಿರುಗಿದ್ದರೆ ಸಪಾಟು. ಅಂಚಿನಲ್ಲಿ ಮಾತ್ರ ಹೊಳೆದು ನಡುವೆ ಮಂಕಾಗಿದ್ದರೆ ಅದು ಬಟ್ಟಲಾಗಿದೆ. ತಗಡಿನಿಂದ ಗುದ್ದಿ ತೆಗೆದ ವಾಷರ್‌ಗಳು ಹೆಚ್ಚಾಗಿ ಹೀಗೇ ಇರುತ್ತವೆ. ವಾಷರ್‌ನ ಅಗಲವೂ ಮುಖ್ಯ. 14 ಮಿ.ಮೀ. ವಾಷರ್ ಇದ್ದು, ಅಲಗಿನ ಬುಡಕ್ಕೂ ವಾಷರ್‌ಗೂ ನಡುವೆ 0.05 ಮಿ.ಮೀ. ಸಂದು ಇದ್ದರೆ 90 ಮಿ.ಮೀ. ಆಚೆಯ ತುದಿ ಸುಮಾರು 0.3 ಮಿ.ಮೀ. ವಾಲುತ್ತದೆ. ವಾಷರ್ 9 ಮಿ.ಮೀ. ಇದ್ದರೆ ಅದೇ ಸಂದಿಗೆ ತುದಿ ಅರ್ಧ ಮಿ.ಮೀ. ವಾಲುತ್ತದೆ. ಗಟ್ಟಿ ಕೆಲಸದ ಚಾಕುವಿಗೆ ದೊಡ್ಡ ವಾಷರ್ ಹಾಕಿ ಅನ್ನುವುದು ಇದಕ್ಕೇ.

ಎರಡು ಲೈನರ್ ನಡುವೆ ಹಿಂಭಾಗದಲ್ಲಿ ಕೂರುವ ತುಂಡು, ಅಂದರೆ ಸ್ಪೇಸರ್, ಅದರ ಎತ್ತರವನ್ನೂ ಅಳೆಯಿರಿ. ಅಲಗು 4.0, ವಾಷರ್ ತಲಾ 0.5, ಒಟ್ಟು 5.0. ಹಿಂದಿನ ಸ್ಪೇಸರ್ 5.1 ಇದ್ದರೆ ಪಿವಟ್ ಬಿಗಿ ಮಾಡಿದಂತೆಲ್ಲಾ ಲೈನರ್ ಒಳಕ್ಕೆ ಬಾಗುತ್ತದೆ, ವಾಷರ್‌ನ ಒಂದು ಅಂಚು ಮಾತ್ರ ತಾಗುತ್ತದೆ. ಅಲಗು ಬಿಗಿಯೂ ಹೌದು, ಸಡಿಲವೂ ಹೌದು ಅನ್ನುವ ವಿಚಿತ್ರ ಸ್ಥಿತಿ ಬರುವುದು ಹೀಗೆ.

ತೂತು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಮುಕ್ಕಾಲು ಪಾಲು ದೋಷ ಇಲ್ಲೇ ಇರುತ್ತದೆ.

6 ಮಿ.ಮೀ. ಡ್ರಿಲ್ ಬಿಟ್ ಹಾಕಿದರೆ 6 ಮಿ.ಮೀ. ತೂತು ಆಗುವುದಿಲ್ಲ. ಸ್ವಲ್ಪ ದೊಡ್ಡದಾಗುತ್ತದೆ, ಪೂರ್ತಿ ದುಂಡಗೂ ಇರುವುದಿಲ್ಲ. ಹ್ಯಾಂಡ್ ಡ್ರಿಲ್‌ನಲ್ಲಿ ಹಾಕಿದರೆ ಸೊಟ್ಟವೂ ಆಗುತ್ತದೆ. ಸರಿಯಾದ ದಾರಿ ಅಂದರೆ 5.8ರ ಬಿಟ್ಟಿನಿಂದ ಬೆಂಚ್ ಡ್ರಿಲ್‌ನಲ್ಲಿ ತೂತು ಹಾಕಿ, ಆಮೇಲೆ ತೂತನ್ನು ಸರಿ ಅಳತೆಗೆ ದುಂಡಗೆ ತರುವ 6 ಮಿ.ಮೀ. ರೀಮರ್ ಓಡಿಸುವುದು. ಎರಡು ಲೈನರ್ ಒಂದರ ಮೇಲೊಂದು ಇಟ್ಟು, ಕ್ಲ್ಯಾಂಪ್ ಹಾಕಿ, ಒಂದೇ ಸಲ ಹಾಕಬೇಕು. ಕಲಬುರಗಿಯಲ್ಲಿ ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡೆ, ಬೀದರ್‌ನಲ್ಲಿ ಕೊಳಾರ ಕಡೆ ಹೋದರೆ ಲೇತ್ ಅಂಗಡಿಗಳು ಸಿಗುತ್ತವೆ. "ಬರೇ ಡ್ರಿಲ್ ಸಾಕೇನ್ರಿ ಸರ, ರೀಮರ್ ಹಾಕಬೇಕೇನ್ರಿ?" ಅಂತ ಅಂಗಡಿಯವರು ಕೇಳಿದರೆ ರೀಮರ್ ಅಂತಲೇ ಹೇಳಿ. ಸ್ವಂತಕ್ಕೆ ರೀಮರ್ ಬೇಕು ಅನ್ನುವವರು ಹೈದರಾಬಾದ್‌ಗೆ ಹೋದಾಗ ರಾಣಿಗಂಜ್ ಕಡೆ ಒಂದು ಸುತ್ತು ಹಾಕಿ ಬನ್ನಿ.

ಪರೀಕ್ಷೆ ಹೀಗೆ. ಚಾಕು ಪೂರ್ತಿ ಬಿಚ್ಚಿ. ಅಲಗಿನ ತೂತನ್ನು ಬಟ್ಟೆಯಿಂದ ಒರೆಸಿ, ಡೋವೆಲ್ ಪಿನ್ ತೂರಿಸಿ. ಡೋವೆಲ್ ಪಿನ್‌ಗಳು ಸಾಮಾನ್ಯವಾಗಿ 6.00ಕ್ಕಿಂತ ಕೂದಲೆಳೆಯಷ್ಟು ದಪ್ಪ ಇರುತ್ತವೆ, 6.004ರಿಂದ 6.012ರ ತನಕ. ಹಾಗಾಗಿ ರೀಮರ್ ಹಾಕಿದ ತೂತಿಗೆ ಅದು ಒತ್ತಿದರೆ ಮಾತ್ರ ಹೋಗುತ್ತದೆ, ಕೆಲವೊಮ್ಮೆ ಬಾಯಲ್ಲೇ ನಿಲ್ಲುತ್ತದೆ. ಪಿನ್ ತಾನೇ ಜಾರಿ ಆಚೆ ಬಿದ್ದರೆ ತೂತು ದೊಡ್ಡದು. ಪಿನ್ ಒಳಗಿದ್ದಾಗ ಅದರ ತುದಿ ಹಿಡಿದು ಅಲ್ಲಾಡಿಸಿ. ಬೆರಳಿಗೆ ಟಕ್ ಟಕ್ ಅನ್ನಿಸಿದರೆ ನಿಮ್ಮ ಅಲ್ಲಾಟದ ಮೂಲ ಸಿಕ್ಕಿತು.

ಆಮೇಲೆ ಅದೇ ಪಿನ್ನನ್ನು ಲೈನರ್ ತೂತಿಗೆ ಹಾಕಿ, ಲೈನರನ್ನು ಗಾಜಿನ ಅಂಚಿಗಿಟ್ಟು ಟ್ರೈ ಸ್ಕ್ವೇರ್ ಪಕ್ಕಕ್ಕೆ ಹಿಡಿಯಿರಿ. ಹಿಂದೆ ಟಾರ್ಚ್ ಬೆಳಕು ಬಿಡಿ. ಪಿನ್‌ಗೂ ಸ್ಕ್ವೇರ್‌ಗೂ ನಡುವೆ ಬೆಳಕು ಕೆಳಗೆ ಸಣ್ಣಗೆ ಮೇಲೆ ಅಗಲವಾಗಿ ಕಂಡರೆ ತೂತು ವಾಲಿದೆ. ಒಂದೇ ಒಂದು ಡಿಗ್ರಿ ವಾಲಿದರೂ 90 ಮಿ.ಮೀ. ಅಲಗಿನ ತುದಿ ಒಂದೂವರೆ ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಮಡಚಿದಾಗ ಅಲಗು ಒಂದು ಬದಿಗೆ ಉಜ್ಜುವುದಕ್ಕೆ ಇದೊಂದೇ ಸಾಕು.

ತೂತು ದೊಡ್ಡದಾಗಿದ್ದರೆ ಅಲಗು ಬಿಸಾಡಬೇಕಿಲ್ಲ. ತೂತನ್ನು ಹಿತ್ತಾಳೆ ಸರಳು ಮತ್ತು ವಾಲ್ವ್ ಗ್ರೈಂಡಿಂಗ್ ಪೇಸ್ಟ್‌ನಿಂದ ತಿಕ್ಕಿ ದುಂಡಗೆ ಮಾಡಿಕೊಳ್ಳಿ. ಪೇಸ್ಟ್ ಯಾವ ಗ್ಯಾರೇಜ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ಆಮೇಲೆ ಅಳತೆ ತೆಗೆದು, ಆ ಅಳತೆಗೆ ಲೇತ್‌ನಲ್ಲಿ ಹೊಸ ಪಿವಟ್ ಮಾಡಿಸಿ. ತೂತಿಗೆ ತಕ್ಕ ಪಿನ್ ಮಾಡುವುದು ಸುಲಭ, ಪಿನ್‌ಗೆ ತಕ್ಕಂತೆ ತೂತು ಸಣ್ಣ ಮಾಡುವುದು ಆಗದ ಮಾತು. ಲೈನರ್ ತೂತು ವಾಲಿದ್ದರೆ ಮಾತ್ರ ಹೊಸ ಲೈನರ್ ಮಾಡುವುದೇ ಒಳ್ಳೆಯದು. ತಗಡಿನ ಬೆಲೆ ಎಷ್ಟು ಮಹಾ, ಹಳೆಯದನ್ನು ಸರಿ ಮಾಡುತ್ತಾ ಕೂತರೆ ಅದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ.

ಹದ ಕೊಟ್ಟ ಮೇಲೆ, ಅಂದರೆ ಅಲಗನ್ನು ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡಿದ ಮೇಲೆ, ತೂತಿನ ಒಳಗೆ ಕಪ್ಪು ಪೊರೆ ಕೂತಿರುತ್ತದೆ. ಅದನ್ನು ತೆಗೆಯದೆ ಜೋಡಿಸಿದರೆ ಮೊದಲ ದಿನ ಬಿಗಿ, ನಾಲ್ಕು ದಿನ ಬಳಸಿದ ಮೇಲೆ ಪೊರೆ ಉದುರಿ ಸಡಿಲ. ಹೊಸ ಚಾಕು ಒಂದು ವಾರದಲ್ಲೇ ಅಲ್ಲಾಡಲು ಶುರು ಮಾಡಿದರೆ ಇದನ್ನೇ ಮೊದಲು ಅನುಮಾನಿಸಿ.

ಮೇಲೆ ಕೆಳಗೆ ಆಡಿದರೆ

ಪಿವಟ್ ಸರಿ ಇದೆ ಅಂತ ಖಾತ್ರಿ ಆಯಿತು, ಆದರೂ ತುದಿ ಮೇಲೆ ಕೆಳಗೆ ಆಡುತ್ತಿದೆ ಅಂದರೆ ಈಗ ಲಾಕ್ ನೋಡುವ ಸರದಿ. ತೆರೆದ ಅಲಗಿನ ಬುಡ ಒಂದು ಕಡೆ ಸ್ಟಾಪ್ ಪಿನ್‌ಗೆ, ಇನ್ನೊಂದು ಕಡೆ ಲಾಕ್ ಪಟ್ಟಿಗೆ ಒತ್ತಿಕೊಂಡಿರುತ್ತದೆ. ಈ ಮೂರರಲ್ಲಿ ಎಲ್ಲೋ ಸಂದು ಇದೆ.

ಅಲಗಿನ ಬುಡದಲ್ಲಿ ಲಾಕ್ ಕೂರುವ ಮುಖಕ್ಕೆ ಮಾರ್ಕರ್‌ನಿಂದ ಕಪ್ಪು ಬಳಿಯಿರಿ. ಜೋಡಿಸಿ, ಹತ್ತಿಪ್ಪತ್ತು ಸಲ ತೆರೆದು ಮುಚ್ಚಿ, ಮತ್ತೆ ಬಿಚ್ಚಿ ನೋಡಿ. ಬಣ್ಣ ಎಲ್ಲಿ ಉಜ್ಜಿ ಹೋಗಿದೆಯೋ ಅಲ್ಲೇ ಲಾಕ್ ತಾಗುತ್ತಿದೆ. ಉಜ್ಜಿದ ಗುರುತು ಪಿವಟ್‌ನಿಂದ ದೂರದ ಕೆಳ ಅಂಚಿನಲ್ಲಿ ಇರಬೇಕು. ಪಿವಟ್ ಹತ್ತಿರದ ಮೇಲಿನ ಅಂಚಿನಲ್ಲಿ ಮಾತ್ರ ಇದ್ದರೆ ಅಲಗು ಆ ಬಿಂದುವಿನ ಮೇಲೆ ತೂಗುತ್ತದೆ, ಅಲ್ಲಾಟ ಖಂಡಿತ. ಆಗ ಲಾಕ್ ಪಟ್ಟಿಯ ಮುಖದ ಮೇಲಿನ ಭಾಗವನ್ನು ಮಾತ್ರ ನಯವಾದ ಅರದಿಂದ ಒಂದೆರಡು ಎಳೆತ ತೆಗೆಯಿರಿ, ಕೆಳಗಿನದನ್ನು ಮುಟ್ಟಬೇಡಿ. ಮತ್ತೆ ಬಣ್ಣ, ಮತ್ತೆ ಜೋಡಣೆ. ಬೇಜಾರಿನ ಕೆಲಸ ನಿಜ, ಆದರೆ ಬೇರೆ ದಾರಿ ಇಲ್ಲ. ತಾಗುವ ಜಾಗ ಪಿವಟ್‌ನಿಂದ 9 ಮಿ.ಮೀ. ದೂರ ಇದ್ದರೆ ಅಲ್ಲಿನ 0.05 ಮಿ.ಮೀ. ಸಂದು ತುದಿಯಲ್ಲಿ ಅರ್ಧ ಮಿ.ಮೀ. ಆಗಿ ಕಾಣುತ್ತದೆ. ಅಷ್ಟು ಸಣ್ಣ ಅಳತೆಗೆ ಗ್ರೈಂಡರ್ ತರಬೇಡಿ.

ಗುರುತು ಸರಿ ಜಾಗದಲ್ಲೇ ಇದ್ದರೆ ಸ್ಟಾಪ್ ಪಿನ್ ತೆಗೆದು ಬೆಳಕಿಗೆ ಹಿಡಿಯಿರಿ. ಮೊಳೆ ಅಥವಾ ಸಾದಾ ಕಬ್ಬಿಣದ ಸರಳು ಹಾಕಿದ್ದರೆ ಅಲಗು ಬಡಿದು ಬಡಿದು ಒಂದು ಕಡೆ ಚಪ್ಪಟೆ ಆಗಿರುತ್ತದೆ. ಹದ ಇರುವ ಡೋವೆಲ್ ಪಿನ್ ಹಾಕಿದರೆ ಈ ತೊಂದರೆ ಇಲ್ಲ.

ಲಾಕ್ ಪಟ್ಟಿ ಆಚೆ ಬದಿಯ ತನಕ ಹೋಗಿಬಿಡುತ್ತದೆ, ಅಂದರೆ ಈಗಾಗಲೇ ಯಾರೋ ಜಾಸ್ತಿ ಅರ ಹಾಕಿದ್ದಾರೆ, ಅಂಥದ್ದಕ್ಕೂ ಒಂದು ಉಪಾಯ ಇದೆ. ಸ್ವಲ್ಪ ದಪ್ಪದ ಸ್ಟಾಪ್ ಪಿನ್ ಮಾಡಿಸಿ. 5.0 ಇದ್ದಲ್ಲಿ 5.2. ಅಲಗು ಕೂದಲೆಳೆಯಷ್ಟು ಮುಂಚೆ ನಿಲ್ಲುತ್ತದೆ, ಲಾಕ್ ಪಟ್ಟಿಗೆ ಜಾಗ ಕಡಿಮೆ ಆಗಿ ಮೊದಲಿನ ಬದಿಯಲ್ಲೇ ಕೂರುತ್ತದೆ. ಲೈನರ್‌ಗಳಲ್ಲಿ ಸ್ಟಾಪ್ ಪಿನ್ ತೂತನ್ನೂ ಅಷ್ಟೇ ದೊಡ್ಡದು ಮಾಡಿಕೊಳ್ಳಬೇಕು, ಎರಡನ್ನೂ ಒಟ್ಟಿಗೇ. ಹೊಸ ಚಾಕುವಿನಲ್ಲಿ ಲಾಕ್ ಪಟ್ಟಿ ಅಲಗಿನ ಬುಡದ ಅಗಲದಲ್ಲಿ ಮೂರರಲ್ಲಿ ಒಂದು ಪಾಲು ದಾಟಿ ನಿಂತರೆ ಸಾಕು. ಉಳಿದದ್ದು ಮುಂದಿನ ಸವೆತಕ್ಕೆ ಇರಲಿ.

ಲಾಕ್ ಜಾರುವುದು, ಲಾಕ್ ಹಿಡಿದುಕೊಳ್ಳುವುದು

ಇದು ಬೆರಳಿನ ಪ್ರಶ್ನೆ. ಅಲ್ಲಾಡುವ ಚಾಕು ಬರೀ ಕಿರಿಕಿರಿ, ಜಾರುವ ಲಾಕ್ ಬೆರಳು ತೆಗೆಯುತ್ತದೆ. ಲಾಕ್ ಮೇಲೆ ಅನುಮಾನ ಬಂದ ಚಾಕುವಿನಿಂದ ಒಂದು ದಾರ ಕೂಡ ಕತ್ತರಿಸಬೇಡಿ.

ಅಲಗಿನ ಬುಡದ ಲಾಕ್ ಮುಖ ಪಿವಟ್ ಪಿನ್‌ನ ಗೆರೆಗೆ 7ರಿಂದ 8 ಡಿಗ್ರಿ ಓರೆಯಾಗಿ ಇರಬೇಕು. 10 ಡಿಗ್ರಿ ದಾಟಿದರೆ ಒತ್ತಡ ಬಿದ್ದಾಗ ಪಟ್ಟಿ ಇಳಿಜಾರಿನಲ್ಲಿ ಜಾರಿ ಹೊರಬರುತ್ತದೆ. 5 ಡಿಗ್ರಿಗೆ ಇಳಿದರೆ ಪಟ್ಟಿ ಸಿಕ್ಕಿಹಾಕಿಕೊಳ್ಳುತ್ತದೆ, ಮುಚ್ಚಲು ಹೆಬ್ಬೆರಳು ನೋಯುತ್ತದೆ. ಓರೆ ಸರಿ ಇದ್ದೂ ಹಿಡಿದುಕೊಂಡರೆ ಮುಖ ಒರಟಾಗಿದೆ ಅಂತ ಅರ್ಥ. ಅರದ ಗೆರೆಗಳು ಪಟ್ಟಿ ಓಡಾಡುವ ದಿಕ್ಕಿಗೆ ಅಡ್ಡ ಇದ್ದರೆ ಹಲ್ಲಿಗೆ ಹಲ್ಲು ಕಚ್ಚುತ್ತದೆ. 1000 ನಂಬರ್ ಪೇಪರನ್ನು ಸಪಾಟಾದ ಪಟ್ಟಿಗೆ ಅಂಟಿಸಿ ನಯ ಮಾಡಿ, ಸೀಸದ ಪೆನ್ಸಿಲ್‌ನಿಂದ ಆ ಮುಖಕ್ಕೆ ಗೀಚಿ. ಅಷ್ಟರಲ್ಲೇ ಬಹಳ ಸಲ ಸರಿ ಹೋಗುತ್ತದೆ. ತಿಕ್ಕುವಾಗ ಅಂಚುಗಳನ್ನು ದುಂಡು ಮಾಡಬೇಡಿ, ದುಂಡಾದ ಮುಖ ಎಂಟು ಡಿಗ್ರಿ ಇದ್ದರೂ ಜಾರುತ್ತದೆ.

ಮೊದಲು ಚೆನ್ನಾಗಿದ್ದ ಲಾಕ್ ಬರಬರುತ್ತಾ ಆಚೆ ಬದಿಗೆ ಸರಿಯುತ್ತಾ ಹೋದರೆ ಅಲಗಿನ ಬುಡಕ್ಕೆ ಹದ ಇಲ್ಲ. ಕುಡುಗೋಲಿಗೆ ಮಾಡುವಂತೆ ಬಾಯಿಗೆ ಮಾತ್ರ ಹದ ಕೊಟ್ಟರೆ ಹೀಗಾಗುತ್ತದೆ. ಕುಡುಗೋಲಿಗೆ ಅದು ಸರಿ, ಅದರ ಬುಡದಲ್ಲಿ ಯಾವ ಕೆಲಸವೂ ನಡೆಯುವುದಿಲ್ಲ. ಮಡಚುವ ಚಾಕುವಿಗೆ ಬುಡವೇ ಜೀವ. ಅರದ ಮೂಲೆಯಿಂದ ಬುಡವನ್ನು ಮೆಲ್ಲಗೆ ಗೀರಿ ನೋಡಿ, ಕಚ್ಚಿದರೆ ಮೆತ್ತಗಿದೆ.

ಪಟ್ಟಿ ಸಡಿಲಾಗಿ ನಿಧಾನಕ್ಕೆ ಬರುತ್ತಿದ್ದರೆ ಲೈನರ್ ಲೋಹ ನೋಡಿ. ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ತಗಡಿಗೆ ಸ್ಪ್ರಿಂಗ್ ಗುಣ ಇಲ್ಲ, ಒತ್ತಿದರೆ ಮತ್ತೆ ಮೊದಲಿನ ಬಾಗಿಗೆ ಬರುವುದಿಲ್ಲ. ಗಟ್ಟಿಯಾಗಿ ರೋಲ್ ಮಾಡಿದ 304 ಸ್ಟೇನ್‌ಲೆಸ್ ಅಥವಾ ಹದ ಕೊಟ್ಟ ಸ್ಪ್ರಿಂಗ್ ತಗಡು ಬೇಕು.

ಲಾಕ್ ನಂಬಬಹುದಾ ಅಂತ ನೋಡಲು ಚಾಕುವಿನ ಬೆನ್ನನ್ನು ಮೇಜಿಗೆ ಬಡಿಯುವವರಿದ್ದಾರೆ. ದಯವಿಟ್ಟು ಬೇಡ. ಕೈ ಹಿಡಿಯಲ್ಲೇ ಇರುತ್ತದೆ, ಜಾರಿದರೆ ಅಲಗು ನೇರ ಬೆರಳಿಗೇ ಬರುತ್ತದೆ. ನಾನು ಮಾಡುವುದು ಹೀಗೆ: ಸಾಣೆ ಹಿಡಿಯುವ ಮುಂಚೆಯೇ, ಬಾಯಿಗೆ ದಪ್ಪ ಟೇಪ್ ಸುತ್ತಿ, ಹಿಡಿಯ ಹಿಂಭಾಗವನ್ನು ವೈಸ್‌ಗೆ ಕೊಟ್ಟು, ಬಾಯಿ ಕೆಳಗೆ ಬೆನ್ನು ಮೇಲೆ ಬರುವಂತೆ ನಿಲ್ಲಿಸುವುದು. ಪಿವಟ್‌ನಿಂದ 7 ಸೆಂ.ಮೀ. ದೂರದಲ್ಲಿ ಬೆನ್ನಿನ ಮೇಲಿಂದ ಹಗ್ಗ ಹಾಕಿ ಬಕೆಟ್ ತೂಗು ಹಾಕುವುದು. ಬಕೆಟ್ ನೆಲದಿಂದ ಎರಡು ಬೆರಳು ಮೇಲಿದ್ದರೆ ಸಾಕು. ಚೊಂಬಿನಿಂದ ನಿಧಾನಕ್ಕೆ ನೀರು ಹಾಕುತ್ತಾ ಹೋಗಿ. ಒಂದು ಲೀಟರ್ ಒಂದು ಕೆಜಿ, ಲೆಕ್ಕ ಸುಲಭ. 5 ಲೀಟರ್ ಆದಾಗ ನಿಂತು ಲಾಕ್ ಪಟ್ಟಿ ನೋಡಿ, ಮಾರ್ಕರ್ ಗೆರೆ ಹಾಕಿಟ್ಟಿದ್ದರೆ ಅದು ಸರಿದಿದೆಯಾ ಗೊತ್ತಾಗುತ್ತದೆ. 10 ಲೀಟರ್ ಹೊತ್ತು ಹತ್ತು ನಿಮಿಷ ಪಟ್ಟಿ ಅಲುಗದೆ ನಿಂತರೆ ಆ ಲಾಕ್ ಕೆಲಸಕ್ಕೆ ಬರುತ್ತದೆ. ಆಮೇಲೆ ನೀರಿದ್ದ ಹಾಗೇ ಬಕೆಟ್ಟನ್ನು ಸ್ವಲ್ಪ ತೂಗಾಡಿಸಿ. ಒಂದೇ ಸಮ ಬೀಳುವ ಭಾರಕ್ಕೆ ತಡೆದ ಲಾಕ್ ಜಗ್ಗಾಟಕ್ಕೆ ಜಾರಬಹುದು.

ಜೇಬಿನಲ್ಲಿ ತಾನೇ ತೆರೆದುಕೊಂಡರೆ

ಮಡಚಿದ ಅಲಗನ್ನು ಹಿಡಿದಿಡುವುದು ಲಾಕ್ ಪಟ್ಟಿಯಲ್ಲಿ ಕೂರಿಸಿದ 1.5 ಮಿ.ಮೀ. ಗುಂಡು, ಅಂದರೆ ಡಿಟೆಂಟ್. ಅಲಗಿನ ಬುಡದಲ್ಲಿ ಅದಕ್ಕೊಂದು ಸಣ್ಣ ಗುಳಿ ಇರುತ್ತದೆ. ಗುಂಡು ಗುಳಿಯ ತಳ ಮುಟ್ಟಬಾರದು, ಅಂಚಿನ ಮೇಲೆ ಕೂತು ಅಲಗನ್ನು ಇನ್ನೂ ಒಳಕ್ಕೆ ಎಳೆಯುತ್ತಿರಬೇಕು. ಮಡಚಿದ ಚಾಕುವನ್ನು ತಲೆಕೆಳಗೆ ಹಿಡಿದು ಝಾಡಿಸಿದರೆ ಅಲಗು ಬರಬಾರದು. ಬಂದರೆ ಗುಳಿಯ ಜಾಗ ತಪ್ಪಿದೆ, ಇಲ್ಲಾ ಪಟ್ಟಿಯ ಬಾಗು ಸಾಲದು. ಬಾಗು ಹೆಚ್ಚಿಸುವುದು ಸುಲಭ, ಅದನ್ನೇ ಮೊದಲು ಮಾಡಿ. ಗುಳಿ ಬದಲಿಸಬೇಕಾದರೆ ಹದ ಇರುವ ಸ್ಟೀಲ್‌ಗೆ ಕಾರ್ಬೈಡ್ ಬಿಟ್ ಬೇಕು, ಸಾದಾ ಬಿಟ್ ಸುಟ್ಟುಹೋಗುತ್ತದೆ.

ಹದ ತಪ್ಪಿದ ಅಲಗು

ಲಾರಿಯ ಹಳೆ ಕಮಾನು ಪಟ್ಟಿ ಎಲ್ಲಾ ಕಡೆ ಸಿಗುತ್ತದೆ, ಕುಡುಗೋಲು ಕೊಡಲಿಗೆ ಬಹಳ ಒಳ್ಳೆಯದು. ಆದರೆ ಅದು ಯಾವ ಸ್ಟೀಲ್ ಅಂತ ಖಾತ್ರಿ ಇರುವುದಿಲ್ಲ, ಒಳಗೆ ಕಾಣದ ಬಿರುಕೂ ಇರಬಹುದು. ಮಡಚುವ ಚಾಕುವಿಗೆ ಟೂಲ್ ರೂಮ್‌ನವರು ಬಳಸುವ ಓಎಚ್‌ಎನ್‌ಎಸ್ ಪಟ್ಟಿ ತಗೊಳ್ಳಿ ಅನ್ನುವುದೇ ನನ್ನ ಮಾತು, ಅದು ಎಣ್ಣೆಗೆ ಅದ್ದಿ ಗಟ್ಟಿ ಮಾಡುವ ಟೂಲ್ ಸ್ಟೀಲ್. ಸಪಾಟಾಗಿ ಗ್ರೈಂಡ್ ಮಾಡಿದ್ದೇ ಸಿಗುತ್ತದೆ, ಹದದ ಲೆಕ್ಕವೂ ಗೊತ್ತಿರುತ್ತದೆ.

ಓಎಚ್‌ಎನ್‌ಎಸ್ 790ರಿಂದ 815 ಡಿಗ್ರಿ ಕೇಳುತ್ತದೆ. ಮ್ಯಾಗ್ನೆಟ್ ಅಂಟುವುದು ನಿಲ್ಲುವುದು ಸುಮಾರು 770ಕ್ಕೆ, ಹಾಗಾಗಿ ಮ್ಯಾಗ್ನೆಟ್ ಬಿಟ್ಟ ಕೂಡಲೇ ಎಣ್ಣೆಗೆ ಹಾಕಿದರೆ ಅಲಗು ಅರೆಬರೆ ಗಟ್ಟಿಯಾಗುತ್ತದೆ. ಅಡುಗೆ ಉಪ್ಪು ಕರಗುವುದು 801 ಡಿಗ್ರಿಗೆ. ಕುಲುಮೆಯಲ್ಲಿ ಅಲಗಿನ ಪಕ್ಕ ಒಂದು ರದ್ದಿ ಸ್ಟೀಲ್ ತುಂಡು ಇಟ್ಟು ಅದರ ಮೇಲೆ ಚಿಟಿಕೆ ಉಪ್ಪು ಹಾಕಿ. ಉಪ್ಪು ನೀರಾಗಿ ಹರಿದರೆ ಸರಿಯಾದ ಬಿಸಿ ಬಂತು. ಅಲಗಿನ ಮೇಲೇ ಉಪ್ಪು ಹಾಕಬೇಡಿ, ತಿನ್ನುತ್ತದೆ. ಅದೇ ಬಿಸಿಯಲ್ಲಿ ಐದರಿಂದ ಹತ್ತು ನಿಮಿಷ ಹಿಡಿಯಬೇಕು. ನಮ್ಮ ಏಪ್ರಿಲ್ ಮೇ ಬಿಸಿಲಿನಲ್ಲಿ ಅಂಗಳದಲ್ಲಿ ಕುಲುಮೆ ಹಚ್ಚಿದರೆ ಕೆಂಪು ಬಣ್ಣ ಗುರುತು ಹಿಡಿಯುವುದಕ್ಕೇ ಆಗುವುದಿಲ್ಲ, ಎಷ್ಟು ಕಾದರೂ ಕಾದಿಲ್ಲ ಅನ್ನಿಸುತ್ತದೆ. ಹೊತ್ತು ಮುಳುಗಿದ ಮೇಲೆ ಮಾಡಿ.

ಎಣ್ಣೆ ಶೇಂಗಾದ್ದೋ ಕುಸುಬೆಯದ್ದೋ ಆದೀತು. 50ರಿಂದ 60 ಡಿಗ್ರಿ ಬಿಸಿ ಇರಲಿ. ಕಲಬುರಗಿ ಬೇಸಿಗೆಯಲ್ಲಿ ಡಬ್ಬಿಯಲ್ಲಿಟ್ಟ ಎಣ್ಣೆ ಹಾಗೇ 40 ದಾಟಿರುತ್ತದೆ, ಬೀದರ್‌ನ ಚಳಿಗಾಲದಲ್ಲಿ ಮಾತ್ರ ಕಾದ ಕಬ್ಬಿಣ ಅದ್ದಿ ಬಿಸಿ ಮಾಡಿಕೊಳ್ಳಬೇಕು. ಸುಟ್ಟ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ಕೆಟ್ಟದ್ದು. ಎಣ್ಣೆ ಹೊತ್ತಿಕೊಂಡರೆ ಮುಚ್ಚಲು ಕಬ್ಬಿಣದ ಮುಚ್ಚಳ ಕೈಗೆಟುಕುವಂತೆ ಇರಲಿ, ನೀರು ಹಾಕಲೇಬೇಡಿ. ಅಕ್ಕಪಕ್ಕ ತೊಗರಿ ಕಟ್ಟಿಗೆ ರಾಶಿ ಇದ್ದರೆ ಬೇರೆ ಜಾಗ ನೋಡಿ. ಗ್ಯಾಲ್ವನೈಸ್ ಪೈಪನ್ನು ಕುಲುಮೆಗೆ ಊದುಗೊಳವೆ ಮಾಡಬೇಡಿ, ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ.

ತಣಿದ ಮೇಲೆ ಹೊಸ ಅರದಿಂದ ಗೀರಿ. ಜಾರಿದರೆ ಗಟ್ಟಿಯಾಗಿದೆ. ಕಚ್ಚಿದರೆ ಕೂಡಲೇ ಸೋತೆ ಅನ್ಕೋಬೇಡಿ, ಮೇಲಿನ ಪದರದ ಕಾರ್ಬನ್ ಸುಟ್ಟು ಮೆತ್ತಗಾಗಿರುತ್ತದೆ. 0.1 ಮಿ.ಮೀ. ತಿಕ್ಕಿ ಮತ್ತೆ ಗೀರಿ. ಆಗಲೂ ಕಚ್ಚಿದರೆ ಮತ್ತೆ ಕಾಯಿಸಬೇಕು. ಗಟ್ಟಿಯಾದ ಅಲಗನ್ನು ಅವತ್ತೇ ಓವನ್‌ಗೆ ಹಾಕಿ, 220 ಡಿಗ್ರಿ, ಎರಡು ಗಂಟೆ, ತಣಿಸಿ ಮತ್ತೆ ಎರಡು ಗಂಟೆ. ತಿಕ್ಕಿ ಬಿಳಿ ಮಾಡಿದ ಜಾಗದಲ್ಲಿ ಹುಲ್ಲಿನ ಹಳದಿ ಬಣ್ಣ ಬರಬೇಕು. ನೀಲಿಗೆ ತಿರುಗಿದ್ದರೆ 300ರ ಹತ್ತಿರ ಹೋಗಿದೆ, ಬಾಯಿ ನಿಲ್ಲುವುದಿಲ್ಲ. ಎಷ್ಟೋ ಓವನ್‌ಗಳ ಗುಂಡಿ ತೋರಿಸುವುದೇ ಒಂದು, ಒಳಗಿನ ಬಿಸಿಯೇ ಒಂದು. ಒಳಗೆ ಬೇರೆ ಥರ್ಮಾಮೀಟರ್ ಇಡಿ.

ಅಲಗು ಸ್ವಲ್ಪ ಬಾಗಿದ್ದರೆ ಈ ಓವನ್ ಹೊತ್ತಿನಲ್ಲೇ ನೇರ ಮಾಡಬಹುದು. ದಪ್ಪ ಕಬ್ಬಿಣದ ಪಟ್ಟಿಗೆ ಕ್ಲ್ಯಾಂಪ್ ಹಾಕಿ, ಬಾಗಿದ್ದಕ್ಕೆ ಎದುರು ದಿಕ್ಕಿಗೆ ಸ್ವಲ್ಪ ಜಾಸ್ತಿಯೇ ಬಾಗುವಂತೆ ನಡುವೆ ನಾಣ್ಯ ಇಟ್ಟು ಹಾಗೇ ಓವನ್‌ಗೆ ಹಾಕಿ. ಸುತ್ತಿಗೆಯಿಂದ ಹೊಡೆದರೆ ಮುರಿಯುತ್ತದೆ.

ನಮ್ಮ ಕಡೆಯ ಧೂಳು, ನಮ್ಮ ಕಡೆಯ ಹಿಡಿ

ಎಲ್ಲಾ ಸರಿ ಇದ್ದೂ ತಿರುಗುವಾಗ ಕರಕರ ಅಂದರೆ ಧೂಳು. ಎರೆಮಣ್ಣಿನ ಸಣ್ಣ ಪುಡಿ ಎಣ್ಣೆಗೆ ಅಂಟಿ ಗ್ರೈಂಡಿಂಗ್ ಪೇಸ್ಟ್ ಥರ ಕೆಲಸ ಮಾಡುತ್ತದೆ. ಜಾಸ್ತಿ ಎಣ್ಣೆ ಹಾಕಿದಷ್ಟೂ ಜಾಸ್ತಿ ಧೂಳು. ಬಿಚ್ಚಿ ಒರೆಸಿ, ಹೊಲಿಗೆ ಮಶಿನ್ ಎಣ್ಣೆ ಪ್ರತಿ ವಾಷರ್‌ಗೆ ಒಂದೇ ಹನಿ. ಲಾಕ್ ಮುಖಕ್ಕೆ ಎಣ್ಣೆ ಬೇಡವೇ ಬೇಡ. ಅಲ್ಲಿ ಧೂಳು ಕೂತರೆ ಲಾಕ್ ಪೂರ್ತಿ ಒಳಗೆ ಬರುವುದಿಲ್ಲ, ಒಂದು ದಿನ ಗಟ್ಟಿ ಒಂದು ದಿನ ಸಡಿಲ ಅನ್ನುವ ಚಾಕುಗಳ ಗುಟ್ಟು ಬಹಳ ಸಲ ಇದೇ.

ಮಳೆಗಾಲದಲ್ಲಿ ಮಾತ್ರ ಅಲಗು ಬದಿಗೆ ಉಜ್ಜಿದರೆ ಕಟ್ಟಿಗೆ ನೋಡಿ. ಜಾಲಿ ಹಿಡಿಗೆ ಬಹಳ ಗಟ್ಟಿ, ಆದರೆ ಹಸಿ ಇದ್ದಾಗ ಹಾಕಿದರೆ ಒಣಗಿ ಸೆಡೆಯುತ್ತದೆ, ಪಸೆಗೆ ಉಬ್ಬಿ ಲೈನರನ್ನೇ ಬಗ್ಗಿಸುತ್ತದೆ. ಚೆನ್ನಾಗಿ ಒಣಗಿದ ತುಂಡು ಬಳಸಿ, ಒಳಮೈಗೂ ಅಗಸೆ ಎಣ್ಣೆ ಹಚ್ಚಿ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ, ಇಲ್ಲಾ ನೀರಲ್ಲಿ ನೆನೆಸಿಡಿ.

ಬೀದರ್‌ನವರು ಹಿಡಿಗೆ ಬಿದರಿ ತುಂಡು ಕೂರಿಸಬೇಕು ಅಂತ ಆಸೆ ಪಡುತ್ತಾರೆ. ಕಪ್ಪು ಮೈ ಮೇಲೆ ಬೆಳ್ಳಿ ಹೂವು, ಚೆಂದವೇ ಚೆಂದ. ಆದರೆ ಅದು ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಸ್ಕ್ರೂ ಬಿಗಿತ ತಡೆಯುವುದಿಲ್ಲ, ಅಂಚಿನಲ್ಲಿ ಬಿರುಕು ಬಿಡುತ್ತದೆ. ಭಾರ ಹೊರುವ ಜಾಗದಲ್ಲಿ ಹಾಕದೆ, ಕಟ್ಟಿಗೆಯಲ್ಲಿ ಗುಳಿ ತೋಡಿ ಎಪಾಕ್ಸಿಯಲ್ಲಿ ಕೂರಿಸಿ. ಪಾಲಿಶ್ ಚಕ್ರಕ್ಕೆ ಕೊಡಬೇಡಿ. ಆ ಕಪ್ಪು ಬರೀ ಮೇಲ್ಮೈಯದು, ಒಮ್ಮೆ ಹೋದರೆ ಕೋಟೆಯ ಮಣ್ಣು ಬಳಸುವ ಕುಶಲಕರ್ಮಿಯ ಹತ್ತಿರವೇ ಮತ್ತೆ ಹೋಗಬೇಕು. ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಒರೆಸಿದರೆ ಸಾಕು.

ಎಲ್ಲಾ ಸರಿ ಮಾಡಿ ಜೋಡಿಸುವಾಗ ಪಿವಟ್ ಸ್ಕ್ರೂಗೆ ಬಿಚ್ಚಲು ಬರುವ ಬಗೆಯ ಥ್ರೆಡ್ ಲಾಕರ್ (ಸ್ಕ್ರೂ ತಾನೇ ಸಡಿಲಾಗದಂತೆ ಹಿಡಿಯುವ ಅಂಟು), ನೀಲಿ ಬಣ್ಣದ್ದು, ಸೂಜಿ ತುದಿಯಷ್ಟು ಹಚ್ಚಿ. ವಾಷರ್‌ಗೆ ಇಳಿಯದಂತೆ ನೋಡಿಕೊಳ್ಳಿ, ಇಳಿದರೆ ಅಲಗು ಅಂಟಿ ನಿಲ್ಲುತ್ತದೆ. ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮತ್ತೆ ವೈಸ್‌ಗೆ ಕೊಟ್ಟು ಎಡ ಬಲ, ಮೇಲೆ ಕೆಳಗೆ ಆಡಿಸಿ ನೋಡಿ, ಬಕೆಟ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಸಾಣೆ ಹಿಡಿಯುವುದು ಅದಾದ ಮೇಲೆ.